ಕರಾವಳಿಯ ಬದುಕಿನ ಪುಸ್ತಕಗಳು: ಯಾರ ಬಾಯಿಂದ ಕೇಳುತ್ತೀರಿ?

ಕಥೆ ಕಾದಂಬರಿ ಬೇಡ, ನಡೆದದ್ದನ್ನೇ ಓದಬೇಕು, ಅದೂ ನಮ್ಮ ಕಡೆಯದ್ದಾದರೆ ಒಳ್ಳೆಯದು. ಉಡುಪಿಯಲ್ಲಿ ಯಾವುದಾದರೂ ಪುಸ್ತಕ ಬಿಡುಗಡೆಗೆ ಹೋಗಿ ಕಾಫಿ ಹಿಡಿದುಕೊಂಡು ನಿಂತರೆ ಇಂಥ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕೇಳಿದವರಿಗೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: 'ಶಿವರಾಮ ಕಾರಂತರದ್ದು ಓದಿ.' ಉತ್ತರ ಸರಿಯೇ. ಆದರೆ ಎಲ್ಲರ ಕೈಗೂ ಮೊದಲು ಅದನ್ನೇ ಕೊಡಬೇಕು ಅಂತೇನಿಲ್ಲ.

ಈ ಮಳೆಗಾಲದಲ್ಲಿ ನಾನು ಓದಿದ್ದು ಹೆಚ್ಚುಕಡಿಮೆ ಇಂಥ ಪುಸ್ತಕಗಳನ್ನೇ. ಕೆಲವು ಹೊಸದಾಗಿ, ಕೆಲವು ಮತ್ತೊಮ್ಮೆ. ಒಂದರ ಬೆನ್ನಿಗೆ ಇನ್ನೊಂದನ್ನು ಓದಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಇಂಥ ಪುಸ್ತಕವನ್ನು ವಿಷಯ ನೋಡಿ ಆರಿಸಬಾರದು. ಹೇಳುತ್ತಿರುವವರು ಯಾರು, ಯಾವ ವಯಸ್ಸಿನಲ್ಲಿ ಹೇಳುತ್ತಿದ್ದಾರೆ, ಯಾರ ಮುಂದೆ ಕೂತು ಹೇಳುತ್ತಿದ್ದಾರೆ, ಅದನ್ನು ನೋಡಿ ಆರಿಸಬೇಕು. ಯಕ್ಷಗಾನ, ಕಡಲು, ಭೂತ, ಅಡಿಕೆ ತೋಟ ಇವೆಲ್ಲ ನಮ್ಮ ಕಡೆಯ ಯಾವ ಪುಸ್ತಕ ತೆಗೆದರೂ ಬರುತ್ತವೆ. ಒಂದು ಪುಸ್ತಕ ನಿಮ್ಮನ್ನು ಹಿಡಿದು ಕೂರಿಸುವುದು ಅದನ್ನು ಹೇಳುವ ದನಿ.

ಓದುವ ಅಭ್ಯಾಸವೇ ತಪ್ಪಿಹೋಗಿದೆ, ನಾಲ್ಕು ಪುಟ ಓದುವಷ್ಟರಲ್ಲಿ ಕೈ ಫೋನಿಗೆ ಹೋಗುತ್ತದೆ ಎನ್ನುವವರು ರಂಗನಿರ್ದೇಶಕ ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯಿಂದ ಶುರು ಮಾಡಿ. ಇದು ಅವರ ಆತ್ಮಕಥೆ, ಆದರೆ ಅವರು ಕೂತು ಬರೆದದ್ದಲ್ಲ. ಅವರು ಹೇಳಿದರು, ವೈದೇಹಿ ಕೇಳಿ ಬರೆದರು. ಕಾರಂತರು ತೀರಿಕೊಂಡದ್ದು 2002ರ ಸೆಪ್ಟೆಂಬರಿನಲ್ಲಿ. ಪುಸ್ತಕ ಬಂದದ್ದು ಅದರ ಮರುವರ್ಷ.

ಬಂಟ್ವಾಳ ತಾಲೂಕಿನ ಮಂಚಿಯ ಬಡ ಮನೆಯ ಹುಡುಗ. ಮೂರನೇ ಕ್ಲಾಸಿನಲ್ಲಿದ್ದಾಗ 'ನನ್ನ ಗೋಪಾಲ' ಎಂಬ ನಾಟಕದಲ್ಲಿ ಪಾತ್ರ ಮಾಡಿದ. ಆ ಗುಂಗು ಇಳಿಯಲೇ ಇಲ್ಲ. ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದ. ಅದೇ ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕ. ಆಮೇಲೆ ಭೋಪಾಲ. 1989ರಲ್ಲಿ ಮೈಸೂರಿನ ರಂಗಾಯಣ. ಇಷ್ಟನ್ನು ಯಾವ ಪರಿಚಯ ಲೇಖನವೂ ಹೇಳುತ್ತದೆ. ಪುಸ್ತಕದಲ್ಲಿ ಸಿಗುವುದು ಈ ಊರುಗಳ ನಡುವೆ ಓಡಾಡಿದ ಮನುಷ್ಯನ ಚಡಪಡಿಕೆ. ಹೆಸರಿನಲ್ಲಿ ಇರುವುದೂ ಅದೇ.

ನಾನು ಇದನ್ನು ಅತ್ತೆಗೆ ಓದಿ ಹೇಳುತ್ತಿದ್ದೆ. ಅವರಿಗೆ ಕಣ್ಣು ಮಂದ, ತವರು ಬಂಟ್ವಾಳದ ಕಡೆ. ಜಗಲಿಯಲ್ಲಿ ಕೂತು ಅವರು ಹಲಸಿನ ಬೀಜದ ಸಿಪ್ಪೆ ಸುಲಿಯುವುದು, ನಾನು ಓದುವುದು. ಮಳೆ ಜೋರಾದರೆ ತಗಡಿನ ಮಾಡಿನ ಸದ್ದಿಗೆ ಏನೂ ಕೇಳುವುದಿಲ್ಲ, ಆಗ ಇಬ್ಬರೂ ಸುಮ್ನೆ ಕೂರುವುದು. ಹುಡುಗ ಮನೆ ಬಿಟ್ಟು ಹೋಗುವ ಜಾಗ ಬಂದಾಗ ಅತ್ತೆ ಕೈಯಲ್ಲಿದ್ದ ಬೀಜ ಕೆಳಗಿಟ್ಟರು. "ನಿಲ್ಲು ಮಾರಾಯ್ತಿ," ಎಂದರು. "ಅವನು ಹೋದ, ಸರಿ. ಅವನ ಅಮ್ಮ ಆ ದಿನ ಉಂಡಳಾ?"

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರು ಬಿಟ್ಟು ದೊಡ್ಡವರಾದವರ ಕಥೆ ನಮ್ಮಲ್ಲಿ ಬೇಕಾದಷ್ಟಿವೆ. ಹೋದವರು ಹಿಂದೆ ಬಿಟ್ಟವರನ್ನು ಎಷ್ಟು ನೆನೆಯುತ್ತಾರೆ ಎಂದು ನೋಡಿದರೆ ಪುಸ್ತಕದ ತೂಕ ತಿಳಿಯುತ್ತದೆ. ಅಲ್ಲಿಂದ ಮುಂದೆ ನಾನು ಯಾವ ಆತ್ಮಕಥೆ ಹಿಡಿದರೂ ಈ ಪ್ರಶ್ನೆ ಇಟ್ಟುಕೊಂಡೇ ಓದಿದೆ. ಬಿ.ವಿ. ಕಾರಂತರ ಪುಸ್ತಕಕ್ಕೆ ಇಲ್ಲಿ ಒಂದು ಅನುಕೂಲ ಇತ್ತು. ಕೇಳುತ್ತಿದ್ದವರು ವೈದೇಹಿ. ಕುಂದಾಪುರದಲ್ಲಿ ಹುಟ್ಟಿ ಬೆಳೆದು, ಮಣಿಪಾಲದಲ್ಲಿ ನೆಲೆಸಿದವರು. ಅಡುಗೆಮನೆ, ಹಿತ್ತಲು, ಅಲ್ಲಿಯ ಹೆಂಗಸರ ಮಾತು ಎಲ್ಲ ಗೊತ್ತಿರುವ ಕಥೆಗಾರ್ತಿ. ಅಂಥವರ ಮುಂದೆ ಕೂತ ಗಂಡಸು ಬರೀ ತನ್ನ ಸಾಧನೆ ಹೇಳಿಕೊಂಡು ಎದ್ದು ಹೋಗಲು ಆಗುವುದಿಲ್ಲ, ಅಲ್ವಾ? ಛಂದಸ್ಸಿನ ದೊಡ್ಡ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪುಗಳನ್ನೂ ವೈದೇಹಿ ಇದಕ್ಕೆ ಮೊದಲು ಹೀಗೇ ಕೇಳಿ ಬರೆದಿದ್ದರು. ಕೇಳುವುದೂ ಒಂದು ಬರವಣಿಗೆ ಎಂದು ನನಗೆ ಮನದಟ್ಟಾದದ್ದು ಈ ಪುಸ್ತಕಗಳಿಂದ.

ಇದರ ಮಿತಿಯನ್ನೂ ಹೇಳಬೇಕು. ಮಾತಿನ ಓಟದಲ್ಲಿ ಇಸವಿ ಹುಡುಕುವುದು ಕಷ್ಟ. ರಂಗಭೂಮಿಯ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿ ಇದೊಂದನ್ನೇ ನಂಬಿ ಕೂರಬಾರದು. ಮನುಷ್ಯನನ್ನು ತಿಳಿಯಲು ಇದು ಸಾಕು. ಯಾವ ನಾಟಕ ಯಾವ ವರ್ಷ ಎನ್ನುವುದಕ್ಕೆ ಬೇರೆ ಪುಸ್ತಕ ಬೇಕು.

ಇನ್ನೊಬ್ಬ ಕಾರಂತರು

ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಮೊದಲು ಅಚ್ಚಾದದ್ದು 1948ರಲ್ಲಿ. ಇದನ್ನು ಕೈಗೆತ್ತಿಕೊಳ್ಳುವ ಮೊದಲು ಈ ಇಸವಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಅಂದರೆ ಆತ್ಮಕಥೆ ಬರೆಯಲು ಕೂತಾಗ ಅವರಿಗೆ ನಲವತ್ತೈದರ ಆಸುಪಾಸು. 'ಮೂಕಜ್ಜಿಯ ಕನಸುಗಳು' ಇನ್ನೂ ಹುಟ್ಟಿರಲಿಲ್ಲ. ಜ್ಞಾನಪೀಠ ಬರಲು ಇನ್ನೂ ಮೂವತ್ತು ವರ್ಷ ಇತ್ತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂತಿರುಗಿಸಿದ್ದು, ಕೈಗಾ ಅಣುಸ್ಥಾವರದ ವಿರುದ್ಧ ನಿಂತದ್ದು, 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದು ಎಲ್ಲ ಆಮೇಲಿನ ಮಾತು. ಬಿಳಿಕೂದಲಿನ ಅಜ್ಜ ಕಾರಂತರನ್ನು ಹುಡುಕಿಕೊಂಡು ಹೋದವರಿಗೆ ಇಲ್ಲಿ ಸಿಗುವುದು ನಡುವಯಸ್ಸಿನ, ಕೈ ಖಾಲಿ ಇರುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವ ಕಾರಂತರು.

ಈ ಪುಸ್ತಕದ ಬಲವೂ ಅದೇ ಅನ್ನುವುದು ನನ್ನ ಅಭಿಪ್ರಾಯ. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು. ಖಾದಿ ಹೊತ್ತು ತಿರುಗಿದರು, ಪತ್ರಿಕೆ ನಡೆಸಿದರು, ನಾಟಕ ಕಟ್ಟಿದರು, ಮೂಕಿ ಚಿತ್ರವನ್ನೂ ತೆಗೆದರು. ಪುತ್ತೂರಿನಲ್ಲಿ ಬಾಲವನ ಮಾಡಿ ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಪ್ರಯೋಗ ಮಾಡಿದರು. ಮಕ್ಕಳಿಗೆ 'ಬಾಲ ಪ್ರಪಂಚ' ಎಂಬ ಮೂರು ಸಂಪುಟದ ವಿಶ್ವಕೋಶವನ್ನು ಒಬ್ಬರೇ ಬರೆದರು. ಇದರಲ್ಲಿ ಯಾವುದಕ್ಕೂ ನಾಳೆ ಏನಾಗುತ್ತದೆ ಎಂಬ ಖಾತ್ರಿ ಇರಲಿಲ್ಲ. ಗೆದ್ದ ಮೇಲೆ ಬರೆದ ಆತ್ಮಕಥೆಯಲ್ಲಿ ಕಷ್ಟಕ್ಕೂ ಒಂದು ಹೊಳಪು ಬಂದಿರುತ್ತದೆ. ಇಲ್ಲಿ ಆ ಹೊಳಪು ಇಲ್ಲ. ಸಾಲ ಸಾಲವೇ, ಸೋಲು ಸೋಲೇ.

ಇಬ್ಬರು ಕಾರಂತರಲ್ಲಿ ಯಾರನ್ನು ಮೊದಲು ಓದಬೇಕು? ಬಿ.ವಿ. ಕಾರಂತರಿಗೆ ಎದುರಿಗೆ ಜನ ಬೇಕು, ನಿಮ್ಮನ್ನು ಜೊತೆಗೆ ಕೂರಿಸಿಕೊಂಡು ಹೇಳುತ್ತಾರೆ. ಶಿವರಾಮ ಕಾರಂತರು ನಿಮಗಾಗಿ ಕಾಯುವುದಿಲ್ಲ. ಅವರು ನಡೆಯುತ್ತಾರೆ, ಬೇಕಾದರೆ ನೀವು ಹಿಂದೆ ಬರಬೇಕು. ಕನಿಕರ ಕೇಳುವುದಿಲ್ಲ, ಮೆಚ್ಚುಗೆಯನ್ನೂ ಕೇಳುವುದಿಲ್ಲ. ಮೂವತ್ತರ ಹತ್ತಿರ ಬಂದು, ಹಿಡಿದ ಕೆಲಸ ಸರಿಯಾ ತಪ್ಪಾ ಎಂದು ಒದ್ದಾಡುತ್ತಿರುವವರಿಗೆ ಈ ದನಿ ತುಂಬ ಬೇಕಾಗುತ್ತದೆ. ಅಮ್ಮನಿಗೋ ಅತ್ತೆಗೋ ಓದಿ ಹೇಳಲಿಕ್ಕಾದರೆ ಬಿ.ವಿ. ಕಾರಂತರೇ ಸರಿ. ಶಿವರಾಮ ಕಾರಂತರ ಮುಂದಿನ ವರ್ಷಗಳು ಬೇಕೆಂದರೆ ಎಪ್ಪತ್ತರ ದಶಕದ ಕೊನೆಗೆ ಬಂದ 'ಸ್ಮೃತಿಪಟಲದಿಂದ' ಇದೆ. ಅದು ಮೂರು ಸಂಪುಟ. ಅಲ್ಲಿಂದ ಶುರು ಮಾಡಿದರೆ ದಾರಿ ದೂರ ಅನ್ನಿಸೀತು.

ಬಿ.ವಿ. ಕಾರಂತರು 1975ರಲ್ಲಿ 'ಚೋಮನ ದುಡಿ' ಸಿನಿಮಾ ಮಾಡಿದರಲ್ಲ, ಅದು ಶಿವರಾಮ ಕಾರಂತರ 1933ರ ಕಾದಂಬರಿ. ಎರಡೂ ಆತ್ಮಕಥೆ ಓದಿದ ಮೇಲೆ ಆ ಸಿನಿಮಾ ಇನ್ನೊಮ್ಮೆ ನೋಡಿ. ಪುತ್ತೂರಿನ ಬಾಲವನಕ್ಕೂ ಓದಿದ ಮೇಲೆಯೇ ಹೋಗಿ. ಓದದೆ ಹೋದರೆ ಅದೊಂದು ಹಳೆಯ ಮನೆ, ನಾಲ್ಕು ಮರ, ಅಷ್ಟೇ.

ಇಬ್ಬರು ಹೆಂಗಸರು

ಸಾರಾ ಅಬೂಬಕ್ಕರ್ ಅವರ ಆತ್ಮಕಥೆ 'ಹೊತ್ತು ಕಂತುವ ಮುನ್ನ'. ಕಮಲಾದೇವಿ ಚಟ್ಟೋಪಾಧ್ಯಾಯರದ್ದು 1986ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಇನ್ನರ್ ರಿಸೆಸಸ್, ಔಟರ್ ಸ್ಪೇಸಸ್'. ಕಮಲಾದೇವಿ ಮಂಗಳೂರಿನಲ್ಲಿ ಹುಟ್ಟಿ ಹೊರಗೆ ಹೋದವರು, ಸಾರಾ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದವರು. ಎರಡನ್ನೂ ಒಟ್ಟಿಗೆ ಓದಿದರೆ ನಮ್ಮ ಊರು ಹೆಣ್ಣುಮಕ್ಕಳಿಗೆ ಎಲ್ಲಿ ಬಾಗಿಲು ತೆರೆದಿತ್ತು, ಎಲ್ಲಿ ಮುಚ್ಚಿತ್ತು ಎಂದು ಕಾಣುತ್ತದೆ.

ಕಮಲಾದೇವಿ ಹುಟ್ಟಿದ್ದು 1903ರಲ್ಲಿ. ಬಾಲವಿಧವೆ, ಮರುಮದುವೆಯಾದವರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಸ್ವಾತಂತ್ರ್ಯದ ನಂತರ ದೇಶದ ಕೈಮಗ್ಗ, ಕರಕುಶಲ ಕಲೆಗಳನ್ನು ಎತ್ತಿ ನಿಲ್ಲಿಸಿದರು. ದೊಡ್ಡ ಬದುಕು, ದೊಡ್ಡ ಪುಸ್ತಕ. ಆದರೆ ಮಂಗಳೂರು ಬೇಕು ಎಂದು ಇದನ್ನು ತೆಗೆದುಕೊಂಡರೆ ನಿರಾಸೆಯಾಗುತ್ತದೆ. ಊರು ಬಾಲ್ಯದ ಜೊತೆ ಹಿಂದೆ ಉಳಿಯುತ್ತದೆ, ಮುಂದೆ ಬರುವುದೆಲ್ಲ ದೇಶ. ಸಭೆ, ಸಂಸ್ಥೆ, ನಾಯಕರ ಹೆಸರುಗಳ ನಡುವೆ ಕಮಲಾದೇವಿ ಎಂಬ ಹೆಂಗಸು ಎಲ್ಲಿ ಎಂದು ನಾನು ಹುಡುಕುತ್ತಲೇ ಇದ್ದೆ.

ಸಾರಾ ಅವರಲ್ಲಿ ಹಾಗೆ ಹುಡುಕಬೇಕಾಗಿಲ್ಲ. ಹುಟ್ಟಿದ್ದು 1936ರಲ್ಲಿ. ತಮ್ಮ ಸಮುದಾಯದ ಹುಡುಗಿಯರು ಶಾಲೆ ದಾಟದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಕಲಿತರು. ಇನ್ನೂ ಓದುವ ಆಸೆ ಇತ್ತು, ಬಿಡಲಿಲ್ಲ. ಅವರ ಬದುಕಿನ ಒಂದು ಸಣ್ಣ ಸಂಗತಿಯನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಅಷ್ಟು ಹೊತ್ತಿಗೆ ಮದುವೆಯಾಗಿ, ವಯಸ್ಸು ಇಪ್ಪತ್ತಾರು ದಾಟಿತ್ತು. ಬೇಕಾದ ಪುಸ್ತಕವನ್ನು ತಾನೇ ಆರಿಸಿ ಮನೆಗೆ ತರಲು ಅಷ್ಟು ವರ್ಷ ಕಾದ ಹುಡುಗಿ. ಅವರೇ ಮುಂದೆ 'ಚಂದ್ರಗಿರಿಯ ತೀರದಲ್ಲಿ' ಬರೆದರು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆ ಕಾದಂಬರಿ ಕನ್ನಡದಲ್ಲಿ ಮುಸ್ಲಿಂ ಹೆಂಗಸರ ಮನೆಯೊಳಗಿನ ಬದುಕನ್ನು ಮೊದಲ ಬಾರಿಗೆ ಅಷ್ಟು ಹತ್ತಿರದಿಂದ ತೋರಿಸಿತು. ಮನೆಮಾತು ಬೇರೆ, ಬರೆದದ್ದು ಕನ್ನಡದಲ್ಲಿ. ಮುಂದೆ ತಮ್ಮದೇ ಪ್ರಕಾಶನವನ್ನೂ ಶುರು ಮಾಡಿದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಅವರ ಕಾದಂಬರಿ ಓದಿದವರು ಆತ್ಮಕಥೆಯಲ್ಲಿ ಅದೇ ಬಿಗಿ ನಿರೀಕ್ಷಿಸಬೇಡಿ. ದನಿ ಏರಿಸದೆ, ಅಲಂಕಾರ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿಕೊಂಡು ಹೋಗುತ್ತಾರೆ. ಅತ್ತೆಯ ಆ ಪ್ರಶ್ನೆಗೆ ಇಲ್ಲಿ ಬೇರೆಯದೇ ಉತ್ತರ ಸಿಗುತ್ತದೆ. ಮನೆ ಬಿಟ್ಟು ಓಡುವ ದಾರಿಯೇ ಇಲ್ಲದವರು ಇದ್ದಲ್ಲೇ ಇದ್ದು ಹೇಗೆ ದೊಡ್ಡವರಾದರು ಎಂಬ ಕಥೆ ಇದು. ಹತ್ತೊಂಬತ್ತು ಇಪ್ಪತ್ತರ ಹುಡುಗಿಯರಿಗೆ ನಾನು ಮೊದಲು ಕೊಡುವುದು ಇದನ್ನೇ. ಹುಡುಗರಿಗೂ ಕೊಡುತ್ತೇನೆ.

ಕಾಸರಗೋಡಿನವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು' ಕೂಡ ಈ ಸಾಲಿನಲ್ಲಿ ಬರಬೇಕು. ಕವಿ, ಮೇಷ್ಟ್ರು, ಕೃಷಿಕ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನು ನೂರು ವರ್ಷದ ಬದುಕಿನ ಕೊನೆಯವರೆಗೂ ಹೊತ್ತವರು. ಗಡಿಯ ಕನ್ನಡದ ಬಗ್ಗೆ ಮನಸ್ಸಿದ್ದರೆ ಓದಿ. ಇಲ್ಲವಾದರೆ ಮೊದಲು ಅವರ ಕವಿತೆಗಳಿಂದ ಶುರು ಮಾಡುವುದು ಒಳ್ಳೆಯದು.

ಅಂಗಡಿಯಲ್ಲಿ ನಿಂತಾಗ

ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿದ ಮೇಲೆ, ಪುಸ್ತಕ ಕೈಗೆತ್ತಿಕೊಂಡು ನಾಲ್ಕು ಪುಟ ಓದಿ, ಅಂಗಡಿಯವರ ಹತ್ತಿರ ಚರ್ಚೆ ಮಾಡಿ ಕೊಳ್ಳುವ ಸುಖ ನಮ್ಮ ಕಡೆ ಕಡಿಮೆಯಾಗಿದೆ. ಈಗ ಹೆಚ್ಚಿನವರು ಮುಖಪುಟದ ಚಿತ್ರ ನೋಡಿ ಆನ್‌ಲೈನಿನಲ್ಲಿ ತರಿಸುತ್ತಾರೆ. ಹಾಗೆ ತರಿಸುವ ಮೊದಲು ಯಾವುದಾದರೂ ಗ್ರಂಥಾಲಯದಲ್ಲಿ ಒಮ್ಮೆ ತೆರೆದು ನೋಡಲು ಆಗುತ್ತದಾ ವಿಚಾರಿಸಿ. ಉಡುಪಿಯವರಾದರೆ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನಾ ಕೇಂದ್ರ ಇದೆ. ಆರು ಸಂಪುಟದ ತುಳು ನಿಘಂಟು ತಯಾರಾದದ್ದು ಅಲ್ಲಿಯೇ.

ತೆರೆದಾಗ ಮೊದಲ ಪುಟ ಓದಬೇಡಿ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಹಣದ ಮಾತು ಬರುವ ಪುಟ ಹುಡುಕಿ. ಸಂಬಳ ಎಷ್ಟಿತ್ತು, ಸಾಲ ಯಾರ ಹತ್ತಿರ ಮಾಡಿದರು, ಬಾಡಿಗೆ ಹೇಗೆ ಕಟ್ಟಿದರು. ಆತ್ಮಕಥೆ ಬರೆಯುವವರು ಪ್ರೀತಿಯ ಬಗ್ಗೆ ಬೇಕಾದರೂ ಬಿಚ್ಚಿ ಹೇಳುತ್ತಾರೆ, ದುಡ್ಡಿನ ಬಗ್ಗೆ ಬಾಯಿ ಬಿಡುವುದಿಲ್ಲ. ಅಲ್ಲಿ ಬಾಯಿ ಬಿಟ್ಟವರನ್ನು ಬೇರೆ ಕಡೆಯೂ ನಂಬಬಹುದು. ಆಮೇಲೆ ಮೊದಲ ಮುದ್ರಣದ ಇಸವಿ ನೋಡಿ, ಬರೆದವರ ವಯಸ್ಸು ಲೆಕ್ಕ ಹಾಕಿ. ನಿರೂಪಣೆ ಬೇರೆಯವರದ್ದಾದರೆ ಆ ಹೆಸರನ್ನು ಬರೆದವರ ಹೆಸರಿನಷ್ಟೇ ಗಮನ ಕೊಟ್ಟು ನೋಡಿ. ಅನುವಾದವಾದರೆ ಒಂದು ಪ್ಯಾರಾ ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳಿ. ನಾಲಿಗೆ ತೊಡರಿದರೆ ವಾಪಸ್ ಇಡಿ.

ಊರು ಬಿಟ್ಟವರಿಗೆ

ನನ್ನ ತಮ್ಮ ಮಸ್ಕತ್‌ನಲ್ಲಿದ್ದಾನೆ. ಊರಿನ ಪುಸ್ತಕ ಬೇಕು ಎಂದಾಗ ಅವನಿಗೆ ಕಳಿಸಿದ್ದು ಪುರುಷೋತ್ತಮ ಬಿಳಿಮಲೆಯವರ 'ಕಾಗೆ ಮುಟ್ಟಿದ ನೀರು'. 2020ರಲ್ಲಿ ಬಂದದ್ದು. ಸುಳ್ಯ ತಾಲೂಕಿನ ಕಾಡಂಚಿನ ಹಳ್ಳಿಯಿಂದ ಹೊರಟು, ಮಂಗಳೂರು, ಹಂಪಿ ದಾಟಿ ದೆಹಲಿಯವರೆಗೆ ಹೋದ ಜಾನಪದ ವಿದ್ವಾಂಸರ ಕಥೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕನ್ನಡ ಪೀಠದಲ್ಲಿದ್ದವರು.

ಬೇರೆಯವರ ಬದುಕನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಮನುಷ್ಯ ಅದೇ ಕಣ್ಣನ್ನು ತನ್ನ ಮನೆಯ ಕಡೆ ತಿರುಗಿಸಿದರೆ ಏನಾಗುತ್ತದೆ ಎಂದು ಇಲ್ಲಿ ಕಾಣುತ್ತದೆ. ಬಡತನವನ್ನು ಮರೆಮಾಚುವುದಿಲ್ಲ, ಮೆರೆಸುವುದೂ ಇಲ್ಲ. ಯಾಕೆ ಹಾಗಿತ್ತು ಎಂದು ಕೇಳುತ್ತಾರೆ. ನಡುನಡುವೆ ಮೇಷ್ಟ್ರ ದನಿ ಬರುತ್ತದೆ, ವಿವರಣೆ ಸ್ವಲ್ಪ ಉದ್ದವಾಯಿತು ಅನ್ನಿಸುವ ಜಾಗಗಳೂ ಇವೆ. ಆದರೆ ಊರಿನಿಂದ ದೂರ ಇದ್ದವರಿಗೆ ಆ ವಿವರಣೆ ಬೇಕಾಗುತ್ತದೆ. ತಮ್ಮ ಫೋನ್ ಮಾಡಿ, "ಅಕ್ಕಾ, ನಮ್ಮ ಅಪ್ಪನೂ ಹೀಗೇ ಇರ್ತಿದ್ರು ಅಲ್ವಾ, ನಾವು ಯಾಕೆ ಎಂತದ್ದೂ ಕೇಳ್ಲಿಲ್ಲ?" ಎಂದ. ಅವತ್ತು ನಾವು ಪುಸ್ತಕ ಬಿಟ್ಟು ಅಪ್ಪನ ಬಗ್ಗೆಯೇ ಮಾತಾಡಿದೆವು.

ಬಂದರಿನ ಹಳೆಯ ಕಾಗದಗಳು

ಕೊನೆಗೆ, ಹೊರಗಿನವರು ಬರೆದದ್ದು. ಮಂಗಳೂರಿನ ಮೀನು ಸಾರು ಹುಡುಕಿಕೊಂಡು ಬಂದ ಒಂದು ಪ್ರಬಂಧ ಸಮಂತ್ ಸುಬ್ರಮಣಿಯನ್ ಅವರ 'ಫಾಲೋಯಿಂಗ್ ಫಿಶ್' (2010) ಪುಸ್ತಕದಲ್ಲಿದೆ. ಒಂದು ಸಂಜೆಗೆ ಹಿತವಾದ ಓದು. ಆದರೆ ನಮ್ಮ ಕಡೆಯ ಬಗ್ಗೆ ಹೊರಗಿನವರು ಬರೆದ ಒಂದೇ ಪುಸ್ತಕ ಓದುವುದಾದರೆ ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಓದಿ. 1992ರದ್ದು. ನನ್ನ ಅಕ್ಕನ ಮಗಳು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಇಂಗ್ಲಿಷಿನಲ್ಲಿಯೇ ಓದುವವಳು. ಅವಳಿಗೆ ಕೊಟ್ಟದ್ದು ಇದನ್ನು.

ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಮೂಲ ಟುನೀಸಿಯದ ಕಡೆ, ಬಂದದ್ದು ಯೆಮನಿನ ಏಡನ್ ಬಂದರಿನ ಮೂಲಕ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಹದಿನೇಳು ವರ್ಷದ ಹತ್ತಿರ ಇಲ್ಲಿದ್ದು 1149ರಲ್ಲಿ ಏಡನ್‌ಗೆ ಹಿಂತಿರುಗಿದ. ಇದೆಲ್ಲ ಗೊತ್ತಾಗಿದ್ದು ಹೇಗೆ ಅಂದರೆ, ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಎಂಬ ನಂಬಿಕೆಯಿಂದ ಕೈರೋದ ಹಳೆಯ ಭಾಗದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ನೂರಾರು ವರ್ಷಗಳ ಕಾಗದ ರಾಶಿ ಬಿದ್ದಿತ್ತು. ಅದರಲ್ಲಿ ಇವನ ಪತ್ರಗಳೂ ಸೇರಿದ್ದವು.

ಏಡನ್‌ನಿಂದ ಗೆಳೆಯರು ಇವನಿಗೆ ಕಳಿಸುತ್ತಿದ್ದ ಸಾಮಾನಿನ ಪಟ್ಟಿ ಓದುವಾಗ ಮೈ ಜುಮ್ಮೆನ್ನುತ್ತದೆ. ಸಕ್ಕರೆ, ಒಣದ್ರಾಕ್ಷಿ, ಬರೆಯಲು ಒಳ್ಳೆಯ ಕಾಗದ. ಕಾಗದ ನಮ್ಮಲ್ಲಿ ಸಿಗುತ್ತಿರಲಿಲ್ಲ, ನಾವು ಓಲೆಗರಿಯವರು. ಈಗಲೂ ಮಂಗಳೂರು ಬಂದರಿನ ಸಗಟು ಅಂಗಡಿಗಳ ಗಲ್ಲಿಯಲ್ಲಿ ಮೂಟೆ ಇಳಿಸುವುದನ್ನು ನೋಡಿದವರಿಗೆ ಆ ಪಟ್ಟಿ ಅಪರಿಚಿತ ಅನ್ನಿಸುವುದಿಲ್ಲ.

ಆದರೆ ಘೋಷ್ ಹುಡುಕಿದ್ದು ಆ ವ್ಯಾಪಾರಿಯನ್ನಲ್ಲ, ಅವನ ಆಳನ್ನು. 1148ರಲ್ಲಿ ಏಡನ್‌ನ ಒಬ್ಬ ವ್ಯಾಪಾರಿ ಬೆನ್ ಯಿಜುಗೆ ಬರೆದ ಪತ್ರದಲ್ಲಿ ಅವನ ಆಳಿಗೂ ನಮಸ್ಕಾರ ತಿಳಿಸಿದ್ದಾನೆ. ಮಾಲು, ಬೆಲೆ, ಮುಳುಗಿದ ಹಡಗು ಎಲ್ಲದರ ನಡುವೆ ಒಬ್ಬ ಆಳಿಗೆ ನಮಸ್ಕಾರ. ಹೆಸರಿನ ಮೂರು ವ್ಯಂಜನ ಮಾತ್ರ ಸಿಗುತ್ತದೆ: ಬ, ಮ, ಹ. ಸ್ವರ ಇಲ್ಲ. ಈ ಮೂರಕ್ಷರ ಹಿಡಿದುಕೊಂಡು ಘೋಷ್ ಮಂಗಳೂರಿಗೆ ಬಂದು ಪ್ರೊಫೆಸರ್ ಬಿ.ಎ. ವಿವೇಕ ರೈಯವರನ್ನು ಭೇಟಿಯಾದರು. ಅಲ್ಲಿ ಆ ಅಕ್ಷರಗಳು 'ಬೊಮ್ಮ' ಆದವು. ನಮ್ಮ ಹಳೆಯ ಶಾಸನಗಳಲ್ಲಿ ಬರುವ ಹೆಸರು. ಎಂಟುನೂರು ವರ್ಷ ಹಿಂದಿನ ಕಾಗದದಲ್ಲಿದ್ದ ಮೂರಕ್ಷರಕ್ಕೆ ಮಂಗಳೂರಿನಲ್ಲಿ ಜೀವ ಬಂತು. ನಾನು ಈ ಭಾಗ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತೆ.

ಬೊಮ್ಮನನ್ನು ಹುಡುಕುವ ದಾರಿಯಲ್ಲಿ ಬೊಬ್ಬರ್ಯನೂ ಬರುತ್ತಾನೆ. ಕಡಲಲ್ಲಿ ಸತ್ತು ಭೂತವಾದ ಮುಸ್ಲಿಂ ನಾವಿಕ, ಮೀನುಗಾರ ಮೊಗವೀರರು ನಂಬುವ ದೈವ. ಮಲ್ಪೆಯ ಕಡೆ ಹೋಗುವಾಗ ಬೊಬ್ಬರ್ಯನ ಗುಡಿಗೆ ಕೈಮುಗಿಯುವವರು ನಾವು. ಅಷ್ಟು ಹತ್ತಿರದ ದೈವವನ್ನು ಅರಬ್ಬೀ ಕಡಲಿನ ಅಷ್ಟು ದೊಡ್ಡ ವ್ಯಾಪಾರದ ಪಕ್ಕ ನಿಲ್ಲಿಸಿ ನೋಡುವ ಯೋಚನೆ ಹೊರಗಿನಿಂದ ಬಂದವರಿಗೆ ಹೊಳೆಯಿತು.

ಓದುವ ಮೊದಲು ತಿಳಿದಿರಬೇಕಾದದ್ದು ಎರಡಿದೆ. ಪುಸ್ತಕದ ಬಹುಪಾಲು ನಡೆಯುವುದು ಈಜಿಪ್ಟಿನ ಹಳ್ಳಿಗಳಲ್ಲಿ. ಘೋಷ್ 1980ರಲ್ಲಿ ಸಂಶೋಧನೆಗೆಂದು ಹೋಗಿ ಉಳಿದ ಊರುಗಳವು. ಮಂಗಳೂರು ಬರಲು ಕಾಯಬೇಕು. ಆ ಹಳ್ಳಿಗಳ ಭಾಗ ನನಗೆ ಇಷ್ಟವಾಯಿತು, ಅಕ್ಕನ ಮಗಳಿಗೆ ಅಷ್ಟಾಗಿ ಆಗಲಿಲ್ಲ. ಇನ್ನೊಂದು, ಬೊಮ್ಮ, ಆಶು ಇವರ ಬಗ್ಗೆ ಹೇಳಿದ್ದರಲ್ಲಿ ಊಹೆ ಸಾಕಷ್ಟಿದೆ. ಯಾವುದು ಪತ್ರದಲ್ಲಿದೆ, ಯಾವುದು ತನ್ನ ಊಹೆ ಎಂದು ಘೋಷ್ ಬೇರ್ಪಡಿಸಿಯೇ ಹೇಳುತ್ತಾರೆ, ಕೊನೆಯಲ್ಲಿ ಉದ್ದದ ಟಿಪ್ಪಣಿಗಳನ್ನು ಕೊಟ್ಟಿದ್ದಾರೆ. ಆ ಟಿಪ್ಪಣಿಗಳನ್ನು ಬಿಡಬೇಡಿ. ಓಡಿಹೋದವರು, ದೊಡ್ಡವರಾದವರು ತಮ್ಮ ಕಥೆ ತಾವೇ ಹೇಳಿಕೊಂಡರು. ಬೊಮ್ಮ ಒಂದು ಸಾಲೂ ಬರೆದಿಟ್ಟು ಹೋಗಲಿಲ್ಲ. ಅಂಥವನ ಬಗ್ಗೆ ಪುಸ್ತಕ ಬರೆಯುವಾಗ ಇಷ್ಟು ಎಚ್ಚರ ಬೇಕೇ ಬೇಕು.

ಅಕ್ಕನ ಮಗಳು ಈಗ ವಿವೇಕ ರೈಯವರ 'ತುಳು ಜನಪದ ಸಾಹಿತ್ಯ' ಕೇಳಿದ್ದಾಳೆ. ಅದು 1985ರಲ್ಲಿ ಬಂದ ಸಂಶೋಧನಾ ಗ್ರಂಥ, ಒಂದೇ ಸಲಕ್ಕೆ ಓದಿ ಮುಗಿಸುವ ಪುಸ್ತಕ ಅಲ್ಲ. ಅವಳಿಗೆ ಕನ್ನಡ ಓದುವ ವೇಗವೂ ಕಡಿಮೆ. ಪಾಡ್ದನಗಳ, ಅಂದರೆ ತುಳುವಿನ ಕಥನಗೀತೆಗಳ, ಭಾಗದಿಂದ ಶುರು ಮಾಡು, ಅರ್ಥ ಆಗದಿದ್ದರೆ ಭಾನುವಾರ ಅಜ್ಜಿಯ ಹತ್ತಿರ ಬಂದು ಕೂರು ಎಂದಿದ್ದೇನೆ.